ಇಮೇಲ್ ಸಹಿಯಲ್ಲಿ ಲೋಗೋ ಮತ್ತು ಡಿಜಿಟಲ್ ವಿಸಿಟಿಂಗ್ ಕಾರ್ಡ್

ಪ್ರಶ್ನೆ: ನಮಸ್ಕಾರ. ನಾನು ಲೆಕ್ಕಪರಿಶೋಧನೆಯ ಸಣ್ಣ ಕಚೇರಿಯೊಂದನ್ನು ನಡೆಸುತ್ತಿದ್ದೇನೆ. ಹೆಸರು, ಹುದ್ದೆ, ದೂರವಾಣಿ ಸಂಖ್ಯೆ, ಲೋಗೋ ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡಿಸಿ, ಅದನ್ನೇ ಇಮೇಲ್ ಸಹಿಯಾಗಿ ಬಳಸುತ್ತಿದ್ದೇನೆ. ನನ್ನ ಪರದೆಯಲ್ಲಿ ಅಂದವಾಗಿ ಕಾಣುವ ಈ ಸಹಿ ಕೆಲವರಿಗೆ ಖಾಲಿ ಚೌಕವಾಗಿಯೂ ಇನ್ನು ಕೆಲವರಿಗೆ ಲಗತ್ತಾಗಿಯೂ ಬರುತ್ತಿದೆಯಂತೆ. ಇದರ ಜೊತೆಗೆ ಡಿಜಿಟಲ್ ವಿಸಿಟಿಂಗ್ ಕಾರ್ಡನ್ನೂ ಸೇರಿಸಬೇಕೆಂದಿದ್ದೇನೆ. ವಿಸಿಎಫ್ ಕಡತವನ್ನು (ಫೋನಿನ ಸಂಪರ್ಕ ಪಟ್ಟಿಗೆ ಸೇರಿಸಿಕೊಳ್ಳಬಹುದಾದ ವಿವರಗಳ ಕಡತ) ಪ್ರತಿ ಪತ್ರಕ್ಕೂ ಲಗತ್ತಿಸಲೇ ಅಥವಾ ಕ್ಯೂಆರ್ ಕೋಡ್ ಹಾಕಲೇ? ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ ಸರ್. ಓದಲೇಬೇಕಾದ ಅಕ್ಷರಗಳನ್ನೆಲ್ಲ ಚಿತ್ರದೊಳಗೆ ಸೇರಿಸಿಬಿಟ್ಟಿರುವುದೇ ಇಲ್ಲಿನ ಮೂಲ ತೊಂದರೆ. ಸಹಿಯ ಚಿತ್ರವು ಸರ್ವರಿನಲ್ಲಿದ್ದು ಪತ್ರದಲ್ಲಿ ಅದರ ವಿಳಾಸ ಮಾತ್ರ ಇದ್ದರೆ, ಔಟ್‌ಲುಕ್ ಅದನ್ನು ಸಾಮಾನ್ಯವಾಗಿ ತಾನಾಗಿ ಇಳಿಸಿಕೊಳ್ಳುವುದಿಲ್ಲ. ಪತ್ರ ತೆರೆದ ಸುದ್ದಿ ಕಳುಹಿಸಿದವರಿಗೆ ತಲುಪದಿರಲೆಂಬುದು ಅದಕ್ಕೊಂದು ಕಾರಣ. ಖಾಲಿ ಚೌಕ ಕಾಣುವುದು ಹೀಗೆ. ಜಿಮೇಲ್ ಮಾತ್ರ 2013ರ ಡಿಸೆಂಬರ್‌ನಿಂದ ಚಿತ್ರಗಳನ್ನು ತನ್ನದೇ ಸರ್ವರಿನ ಮೂಲಕ ತರಿಸಿ ತೋರಿಸುತ್ತಿರುವುದರಿಂದ ಅಲ್ಲಿ ಈ ತೊಡಕು ಕಡಿಮೆ. ಚಿತ್ರವನ್ನು ಪತ್ರದೊಳಗೇ ಇಟ್ಟು ಕಳುಹಿಸಿದರೆ ಈ ತಡೆ ಇರುವುದಿಲ್ಲ, ಆದರೆ ಕೆಲವು ತಂತ್ರಾಂಶಗಳು ಅದನ್ನು ಲಗತ್ತೆಂದು ತೋರಿಸುತ್ತವೆ. ಚಿತ್ರವನ್ನು ಬೇಸ್64 ಎಂಬ ವಿಧಾನದಲ್ಲಿ ಅಕ್ಷರಗಳಾಗಿ ಬದಲಿಸಿ ಎಚ್‌ಟಿಎಂಎಲ್‌ನೊಳಗೆ (ಪತ್ರದ ರೂಪವನ್ನು ಬರೆಯುವ ಸಂಕೇತಭಾಷೆ) ತುರುಕುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಜಿಮೇಲ್ ಅದನ್ನು ತೋರಿಸುವುದೇ ಇಲ್ಲ.

ಆದುದರಿಂದ ಹೆಸರು, ಹುದ್ದೆ, ಸಂಖ್ಯೆಗಳನ್ನು ಅಕ್ಷರಗಳಲ್ಲೇ ಬರೆದು, ಲೋಗೋವನ್ನು ಮಾತ್ರ ಚಿತ್ರವಾಗಿ ಇಡಿ. ಆಗ ಚಿತ್ರ ಕಾಣದಿದ್ದರೂ ನಿಮ್ಮ ಸಂಖ್ಯೆಯನ್ನು ನಕಲಿಸಿಕೊಳ್ಳಬಹುದು, ಫೋನಿನಲ್ಲಿ ಮುಟ್ಟಿ ಕರೆಯನ್ನೂ ಮಾಡಬಹುದು. ಚಿತ್ರಕ್ಕೆ ಪರ್ಯಾಯ ಪಠ್ಯವಾಗಿ (ಚಿತ್ರ ಕಾಣದಿದ್ದಾಗ ಅದರ ಜಾಗದಲ್ಲಿ ಕಾಣುವ ಬರಹ) ಕಚೇರಿಯ ಹೆಸರನ್ನು ಕೊಡಿ. ಚಿತ್ರದ ಕಡತ ಎಸ್‌ವಿಜಿ ಮಾದರಿಯದು ಬೇಡ, ಪಿಎನ್‌ಜಿ ಮಾದರಿಯದು ಸಾಕು. ಲೋಗೋವನ್ನು ಗೂಗಲ್ ಡ್ರೈವ್‌ನಿಂದ ಸೇರಿಸುವುದಾದರೆ ಆ ಕಡತವನ್ನು ಎಲ್ಲರೂ ನೋಡಲು ಅನುಮತಿ ಇದೆಯೇ ಎಂದು ಮೊದಲು ಪರೀಕ್ಷಿಸಿ; ನಮಗೆ ಕಂಡು ಉಳಿದವರಿಗೆ ಕಾಣದಿರುವ ಎಷ್ಟೋ ದೂರುಗಳು ಅಲ್ಲಿಗೇ ಬಂದು ಮುಟ್ಟುತ್ತವೆ.

ಕಾರ್ಡಿನ ವಿಷಯದಲ್ಲಿ, ವಿಸಿಎಫ್ ಕಡತವನ್ನು ಪ್ರತಿ ಪತ್ರಕ್ಕೂ ಲಗತ್ತಿಸುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಪತ್ರದಲ್ಲೂ ಲಗತ್ತಿನ ಗುರುತು ಕಾಣಿಸಿಕೊಂಡರೆ, ನೀವು ನಿಜವಾಗಿಯೂ ದಾಖಲೆ ಕಳುಹಿಸಿದ ಪತ್ರವನ್ನು ಹುಡುಕುವುದು ಪತ್ರ ಪಡೆದವರಿಗೆ ಕಷ್ಟವಾಗುತ್ತದೆ. ಲೆಕ್ಕಪತ್ರದ ಕೆಲಸದಲ್ಲಿ ಇದು ಸಣ್ಣ ತೊಂದರೆಯಲ್ಲ. ಕಡತವನ್ನು ನಿಮ್ಮ ಜಾಲತಾಣದಲ್ಲಿಟ್ಟು, ಸಹಿಯಲ್ಲಿ ‘ಸಂಪರ್ಕ ವಿವರ ಉಳಿಸಿಕೊಳ್ಳಿ’ ಎಂಬ ಕೊಂಡಿಯನ್ನು ಕೊಡಿ. ಸಂಖ್ಯೆ ಬದಲಾದಾಗ ಅಲ್ಲಿನ ಕಡತವೊಂದನ್ನೇ ತಿದ್ದಿದರೆ ಹಳೆಯ ಪತ್ರಗಳ ಕೊಂಡಿಯೂ ಹೊಸ ವಿವರವನ್ನೇ ಕೊಡುತ್ತದೆ. ವಿಸಿಎಫ್ ಕಡತದ ಮಾದರಿಯಾದ ವಿಕಾರ್ಡ್‌ನ 4.0 ಆವೃತ್ತಿ 2011ರಲ್ಲೇ ಬಂದಿದ್ದರೂ, ಹಳೆಯ ತಂತ್ರಾಂಶಗಳಿಗೂ ಹೊಂದುವಂತೆ ನಾನು 3.0 ಆವೃತ್ತಿಯನ್ನೇ ಬಳಸುತ್ತೇನೆ. ಹೆಸರು ಕನ್ನಡದಲ್ಲಿದ್ದರೆ ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ, ಇಲ್ಲವಾದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇನ್ನು ಕ್ಯೂಆರ್ ಕೋಡ್: ಪತ್ರವನ್ನು ಫೋನಿನಲ್ಲೇ ಓದುತ್ತಿರುವವರು ಅದೇ ಪರದೆಯತ್ತ ಅದೇ ಫೋನಿನ ಕ್ಯಾಮೆರಾವನ್ನು ಹಿಡಿಯಲಾರರು. ಹಾಕಲೇಬೇಕೆಂದಿದ್ದರೆ ಕೊಂಡಿಯ ಜೊತೆಗೆ ಹಾಕಿ, ಅದರ ಬದಲಿಗೆ ಅಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮ ಲೋಗೋ ಔಟ್‌ಲುಕ್‌ನಲ್ಲಿ ವಿಪರೀತ ದೊಡ್ಡದಾಗಿಯೂ, ಕಪ್ಪು ಹಿನ್ನೆಲೆಯ ಫೋನುಗಳಲ್ಲಿ ಕಂಡೂ ಕಾಣದಂತೆಯೂ ಬರುತ್ತಿದೆ. ಇದಕ್ಕೇನು ಪರಿಹಾರ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು ಮೇಡಂ. ಔಟ್‌ಲುಕ್‌ನ ಹಳೆಯ ಡೆಸ್ಕ್‌ಟಾಪ್ ತಂತ್ರಾಂಶವು 2007ರ ಆವೃತ್ತಿಯಿಂದ ವರ್ಡ್‌ನ ಎಂಜಿನ್ನಿನ ಮೂಲಕ ಪತ್ರಗಳನ್ನು ತೋರಿಸುತ್ತದೆ. ಸಿಎಸ್‌ಎಸ್‌ನಲ್ಲಿ (ಅಳತೆ, ಬಣ್ಣ ಮುಂತಾದ ಅಂದವನ್ನು ನಿಗದಿಪಡಿಸುವ ಸಂಕೇತಭಾಷೆ) ಬರೆದ ಗರಿಷ್ಠ ಅಗಲವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 300 ಪಿಕ್ಸೆಲ್ ಅಗಲದ ಲೋಗೋ ಮಾಡಿಸಿ, ಚಿತ್ರದ ಟ್ಯಾಗಿನಲ್ಲೇ (ಎಚ್‌ಟಿಎಂಎಲ್‌ನಲ್ಲಿ ಚಿತ್ರವನ್ನು ಸೇರಿಸುವ ಸಂಕೇತ) ಅಗಲ 150 ಎಂದು ಬರೆದರೆ ಅದು ಹದ್ದು ಮೀರುವುದಿಲ್ಲ, ಉತ್ತಮ ಪರದೆಗಳಲ್ಲಿ ಮಸುಕಾಗುವುದೂ ಇಲ್ಲ. ಎರಡನೆಯದಕ್ಕೆ ಕಾರಣ ಪಾರದರ್ಶಕ ಹಿನ್ನೆಲೆಯ ಮೇಲಿನ ಕಪ್ಪು ಅಕ್ಷರಗಳಿರಬೇಕು. ಲೋಗೋದ ಸುತ್ತ ಸ್ವಲ್ಪ ಜಾಗ ಬಿಟ್ಟು ಹಿನ್ನೆಲೆಯನ್ನು ಬಿಳಿಯಾಗಿಸಿ, ಬದಲಾಯಿಸಿದ ಮೇಲೆ ನಿಮಗೆ ನೀವೇ ಒಂದು ಪತ್ರ ಕಳುಹಿಸಿಕೊಂಡು ಫೋನಿನ ಕಪ್ಪು ಹಿನ್ನೆಲೆಯಲ್ಲಿ ನೋಡಿ.