ಮೂಲಮನೆ ಗುಂಪಿನಲ್ಲಿ ಪಿಎಚ್‌ಡಿ ಗಲಾಟೆ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ 'ಮೂಲಮನೆ' ಅಂತ ಹೆಸರು. ಕುಂದಾಪುರದ ಕಡೆಯವರು ನಾವು. ಈಗ ಮೂಲಮನೆಯಲ್ಲಿ ಉಳಿದವರು ಕಮ್ಮಿ, ಗುಂಪಿನಲ್ಲಿರುವವರು ಜಾಸ್ತಿ. ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಅಲ್ಲಿ ಒಂದು ಕಾರ್ಡ್ ಫಾರ್ವರ್ಡ್ ಮಾಡಿದರು. ಹಳದಿ ಬಣ್ಣ, ಕೆಂಪು ಅಕ್ಷರ, ಮೂಲೆಯಲ್ಲಿ ಗೆಜ್ಜೆ ಕಟ್ಟಿದ ಕಾಲು. 'ಕುಣಿಯುವವರಿಗೆ ತಿಂಗಳಿಗೆ 37,000 ರೂಪಾಯಿ! ನಿಮ್ಮ ತೆರಿಗೆ ಹಣದಲ್ಲಿ ಪಿಎಚ್‌ಡಿ! ನಿಜವಾಗಿ ಓದಿದ ಮಕ್ಕಳು ಮನೆಯಲ್ಲಿ! ಎಲ್ಲರಿಗೂ ಕಳಿಸಿ.' ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಎರಡು ಸಾಲು ಇತ್ತು. ಅದನ್ನು ಯಾರೂ ದೊಡ್ಡದು ಮಾಡಿ ನೋಡಲಿಲ್ಲ.

ಚಿಕ್ಕಪ್ಪ ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಸಣ್ಣ ಅತ್ತೆಯ ಮಗಳು ಪುಟ್ಟಿ, ಸ್ವಸಹಾಯ ಸಂಘದ ಹೆಂಗಸರನ್ನು ಕಟ್ಟಿಕೊಂಡು ಕುಡಿತ, ವರದಕ್ಷಿಣೆ ಅಂತ ಬೀದಿನಾಟಕ ಮಾಡುತ್ತಾ, ಮಹಿಳಾ ಯಕ್ಷಗಾನ ತಂಡದಲ್ಲಿ ಪುರುಷವೇಷ ಕಟ್ಟುತ್ತಾ ಇದ್ದವಳು, ಈಗ ಯಕ್ಷಗಾನದ ಮೇಲೆಯೇ ಪಿಎಚ್‌ಡಿಗೆ ಸೇರಿದ್ದಾಳೆ ಅನ್ನುವುದು ಹೋದ ತಿಂಗಳ ಮದುವೆಮನೆಯಲ್ಲಿ ಊಟದ ಪಂಕ್ತಿಯಿಂದ ಪಂಕ್ತಿಗೆ ಹೋಗಿತ್ತು.

ಮೊದಲು ಬಂದವರು ಪುಣೆ ಬಾವ. ಆಡಿಟ್‌ನಲ್ಲಿ ರಿಟೈರ್ ಆದವರು, ಅಭ್ಯಾಸ ಹೋಗಿಲ್ಲ.

'ಮೂಲ ಯಾವುದು? ಯಾವ ಆದೇಶ, ಯಾವ ತಾರೀಕು? ಲಿಂಕ್ ಇಲ್ಲದ್ದನ್ನು ಗುಂಪಿಗೆ ಹಾಕಬೇಡಿ ಅಂತ ಎಷ್ಟು ಸಲ ಹೇಳುವುದು?'

ಚಿಕ್ಕಪ್ಪ: 'ಬಾವಯ್ಯ, ನೀವು ಚಿಪ್ ಇರುವ ನೋಟಿನ ಸುದ್ದಿ ಹಾಕಿದಾಗ ಮೂಲ ಎಲ್ಲಿತ್ತು?'

ಬಾವ: 'ಅದು ಬೇರೆಯವರು ನನ್ನ ಫೋನಿನಿಂದ ಹಾಕಿದ್ದು.'

ಇಷ್ಟಕ್ಕೇ ಒಂದು ಗಂಟೆ ಹೋಯಿತು. ಫೋನ್ ಯಾರ ಕೈಯಲ್ಲಿತ್ತು, ಅಕ್ಕನ ಕೈಯಲ್ಲಿತ್ತಾ, ಅಕ್ಕ ಆ ದಿನ ಮಂಗಳೂರಿನಲ್ಲಿ ಇದ್ದಳಲ್ಲ, ಹೀಗೆ. ಕಾರ್ಡ್ ಮೇಲೆ ಹೋಗಿ ಮರೆಯಾಯಿತು. ನಾನು ನಡುವೆ ಬರೆದೆ, 37,000 ಅನ್ನುವ ಅಂಕಿ ಸುಳ್ಳಲ್ಲ. ಯುಜಿಸಿ ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ 2023ರ ಜನವರಿಯಿಂದ ಅಷ್ಟೇ, ಎರಡು ವರ್ಷ ಕಳೆದರೆ 42,000. ಆದರೆ ಅದು ನೆಟ್ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ಬಂದವರಿಗೆ, ಅರ್ಥಶಾಸ್ತ್ರದವರಿಗೂ ಅದೇ, ಕನ್ನಡದವರಿಗೂ ಅದೇ, ಪ್ರದರ್ಶನ ಕಲೆಯವರಿಗೂ ಅದೇ. ಕಾರ್ಡಿನ ಸಣ್ಣ ಅಕ್ಷರದಲ್ಲಿ ಇದ್ದದ್ದೂ ಇದೇ ಮಾತು. ಇದಾದ ಮೇಲೆ ಗುಂಪಿಗೆ ಒಂದು ಕೈಮುಗಿಯುವ ಚಿತ್ರ ಬಂತು. ನೋಡಿದರೆ ಅದು ದೊಡ್ಡಪ್ಪ ಹಿಂದಿನ ದಿನದ ಹುಟ್ಟುಹಬ್ಬದ ಶುಭಾಶಯಕ್ಕೆ ಹಾಕಿದ್ದು.

ಮತ್ತೆ ದೊಡ್ಡಪ್ಪ ಟೈಪಿಂಗ್, ಟೈಪಿಂಗ್, ಟೈಪಿಂಗ್. ಅವರದ್ದು ಯಾವಾಗಲೂ ಪುಲ್‌ಸ್ಟಾಪ್ ಇಲ್ಲದ ಒಂದೇ ಸಾಲು.

'ಕಲೆ ಅನ್ನುವುದು ತಪಸ್ಸು ಅದನ್ನು ಪದವಿಗೆ ಮಾರಬಾರದು ಕೋಟದ ಕಾರಂತರನ್ನು ನೋಡಿ ಕಲಿಯಿರಿ ಅವರಿಗೆ ಯಾವ ಪಿಎಚ್‌ಡಿ ಇತ್ತು ಕಾಲೇಜು ಬಿಟ್ಟು ಬಂದವರು ಯಕ್ಷಗಾನಕ್ಕೆ ಅವರು ಮಾಡಿದ್ದನ್ನು ಯಾವ ಯೂನಿವರ್ಸಿಟಿ ಮಾಡಿದೆ ಹೆಣ್ಣುಮಕ್ಕಳು ಮೊದಲು ಮನೆ ನೋಡಿಕೊಳ್ಳಲಿ ಶುಭವಾಗಲಿ'

ದೊಡ್ಡಪ್ಪನ ಮಾತು ಅರ್ಧ ಸರಿ. ಕಾರಂತರು ಅಸಹಕಾರ ಚಳವಳಿಯ ಹೊತ್ತಿಗೆ ಕಾಲೇಜು ಬಿಟ್ಟವರೇ, ಡಾಕ್ಟರೇಟ್‌ಗಳು ಆಮೇಲೆ ಗೌರವಕ್ಕೆ ಬಂದದ್ದು. ಆದರೆ 1959ರಲ್ಲಿ ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವ ಕಾದಂಬರಿಗೂ ಅಲ್ಲ, ಯಕ್ಷಗಾನ ಬಯಲಾಟದ ಬಗ್ಗೆ ಮಾಡಿದ ಅಧ್ಯಯನಕ್ಕೆ. ಹಳೆಯ ಪ್ರಸಂಗಗಳನ್ನು ಹುಡುಕಿ, ಹಾಡು, ವೇಷ, ಹೆಜ್ಜೆ ಎಲ್ಲವನ್ನೂ ಕೂತು ನೋಡಿ ಬರೆದದ್ದು, ಜೊತೆಗೆ ತಾವೂ ಗೆಜ್ಜೆ ಕಟ್ಟಿದ್ದು. ಪುಟ್ಟಿ ಮಾಡಲು ಹೊರಟದ್ದು ಅದೇ ತಾನೇ? ಇದನ್ನು ನಾನು ಗುಂಪಿನಲ್ಲಿ ಬರೆಯಲಿಲ್ಲ. ದೊಡ್ಡಪ್ಪನ ಮಾತಿಗೆ 'ಆದರೆ' ಅಂದರೆ ಮರುದಿನ ಅಪ್ಪನಿಗೆ ಫೋನ್ ಹೋಗುತ್ತದೆ.

ಸಣ್ಣ ಅತ್ತೆಗೆ ಆ ಹೆದರಿಕೆ ಇಲ್ಲ.

'ಅಣ್ಣ, 1976ರಲ್ಲಿ ಮೈಸೂರು ಯೂನಿವರ್ಸಿಟಿ ರಾಜ್‌ಕುಮಾರ್ ಅವರಿಗೆ ಡಾಕ್ಟರೇಟ್ ಕೊಟ್ಟಾಗ ಪೇಟೆಯಿಂದ ಜಿಲೇಬಿ ತಂದವನು ನೀನೇ. ಆಗ ಕಲೆ ಪದವಿಗೆ ಮಾರಿಹೋಗಲಿಲ್ವಾ?'

ದೊಡ್ಡಪ್ಪ: 'ಅದು ಗೌರವ ಕೊಟ್ಟದ್ದು ಕೇಳಿದ್ದಲ್ಲ'

ಅತ್ತೆ: 'ಹಾಗಾದರೆ ಕೂತು ಓದಿ ತಗೊಂಡರೆ ತಪ್ಪು, ಸುಮ್ನೆ ಕೊಟ್ಟರೆ ಸರಿ. ಮಲ್ಲಿಕಾ ಸಾರಾಭಾಯಿ 1974ರಲ್ಲಿ ಅಹಮದಾಬಾದ್ ಐಐಎಂನಲ್ಲಿ ಎಂಬಿಎ ಮಾಡಿ, 1976ರಲ್ಲಿ ಗುಜರಾತ್ ಯೂನಿವರ್ಸಿಟಿಯಿಂದ ಪಿಎಚ್‌ಡಿ ತಗೊಂಡು, ಆಮೇಲೂ ಹೆಂಗಸರ ಕಷ್ಟದ ಬಗ್ಗೆಯೇ ಕುಣಿದರಲ್ಲ. 2022ರಲ್ಲಿ ಕೇರಳದವರು ತಮ್ಮ ಕಲಾ ಯೂನಿವರ್ಸಿಟಿ ಕಲಾಮಂಡಲಂಗೆ ಕುಲಾಧಿಪತಿ ಮಾಡಿದರು. ಅವರ ಮನೆ ಬಿದ್ದುಹೋಯಿತಾ?'

ದೊಡ್ಡಪ್ಪ: 'ಅವಳ ಅಪ್ಪ ವಿಕ್ರಂ ಸಾರಾಭಾಯಿ ನಮ್ಮ ಅಪ್ಪ ಶಾಲೆ ಮಾಸ್ತರು'

ನಿಜ ಹೇಳಬೇಕೆಂದರೆ ಇಡೀ ದಿನದಲ್ಲಿ ಬಂದ ಒಳ್ಳೆಯ ಉತ್ತರ ಇದೊಂದೇ. ದುಡ್ಡಿದ್ದವರ ಮಗಳು ಕುಣಿದರೂ ನಡೆಯುತ್ತದೆ, ಓದಿದರೂ ನಡೆಯುತ್ತದೆ. ಈ ಎಳೆ ಹಿಡಿದು ಯಾರಾದರೂ ಮಾತಾಡಿದ್ದರೆ ಚರ್ಚೆಗೆ ಒಂದು ದಾರಿ ಸಿಗುತ್ತಿತ್ತು. ಅಷ್ಟರಲ್ಲಿ ದುಬೈ ಅಣ್ಣ ಎದ್ದರು.

'ಯಕ್ಷಗಾನದ ಆಟ ಅಂದಾಗ ನೆನಪಾಯಿತು ಮಾರಾಯ್ರೆ' ಅಂತ ಶುರು. ವೇಷ ಕಟ್ಟುವ ಚೌಕಿಯ ಬಾಗಿಲಲ್ಲಿ ನಿಂತು ಬಣ್ಣ ಹಚ್ಚುವುದು ನೋಡುತ್ತಿದ್ದದ್ದು, ವೇಷಧಾರಿ ಒಂದು ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ಇನ್ನೊಂದು ಕೈಯ ಕಡ್ಡಿಯಿಂದ ಕಣ್ಣಿಗೆ ಕಪ್ಪು ಎಳೆಯುತ್ತಲೇ ಬೀಡಿ ಕೇಳಿದ್ದು, ನಡುರಾತ್ರಿ ಚಾಪೆಯ ಮೇಲೆ ನಿದ್ದೆ ಹತ್ತಿದಾಗ ಚಂಡೆಯ ಪೆಟ್ಟಿಗೆ ಎದ್ದು ರಾಕ್ಷಸನ ಮುಖ ನೋಡಿ ಅಜ್ಜಿಯ ಸೀರೆಗೆ ಅಡಗಿದ್ದು. ಆಮೇಲೆ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್, ಅದರಲ್ಲಿ ಎರಡು ನಿಮಿಷ ಭಾಗವತಿಕೆ, ಅಂದರೆ ಆಟದ ಹಾಡು. ಸ್ವರ ಚೆನ್ನಾಗಿಲ್ಲ, ಆದರೂ ಎಲ್ಲರೂ ಹೃದಯದ ಚಿತ್ರ ಹಾಕಿದರು. ಹಿರಿಯಡ್ಕ ಗೋಪಾಲ ರಾಯರ ಮದ್ದಳೆ ಹೇಗಿತ್ತು ಅಂತ ಒಬ್ಬರು, ಅವರ ಹತ್ತಿರ ಕಲಿಯಲು ಅಮೆರಿಕದಿಂದ ಬಂದಿದ್ದ ಮಾರ್ಥಾ ಆಷ್ಟನ್ ಉಡುಪಿಯಲ್ಲಿ ವೇಷ ಕಟ್ಟಿದ್ದು ಎಷ್ಟು ಚೆಂದ ಅಂತ ಇನ್ನೊಬ್ಬರು. ಆ ಅಮೆರಿಕದ ಹೆಂಗಸು ಯಕ್ಷಗಾನದ ಮೇಲೆಯೇ ಪಿಎಚ್‌ಡಿ ಮಾಡಿದ್ದು ಅಂತ ಅತ್ತೆ ಬರೆದರು. 'ಅವರಿಗೆ ಆಸಕ್ತಿ ಇತ್ತು' ಅಂತ ಚಿಕ್ಕಪ್ಪನ ಉತ್ತರ.

ಹೊರಗಿನವರು ಬಂದು ನಮ್ಮ ಕಲೆ ಕಲಿತು ಬರೆದರೆ ಆಸಕ್ತಿ, ನಮ್ಮ ಮನೆಯ ಹುಡುಗಿ ಬರೆದರೆ ತೆರಿಗೆ ಹಣ.

ದುಬೈ ಅಣ್ಣ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. 'ನಮ್ಮ ಮನೆಯಲ್ಲಿ ಹರಕೆ ಆಟ ಆಡಿಸಿದ್ದು ನೆನಪಿದೆಯಾ?' ಅಂದುಬಿಟ್ಟರು.

ಆ ಆಟದ ಸುದ್ದಿ ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಮಂದಾರ್ತಿ ದೇವಸ್ಥಾನಕ್ಕೆ ಅಜ್ಜಿ ಹೇಳಿಕೊಂಡ ಆಟದ ಹರಕೆ, ವರ್ಷಗಟ್ಟಲೆ ಕಾದು ಸಿಕ್ಕಿದ ತಾರೀಕು, ಆಟ ಆಡುವ ಮೇಳದವರ ವೀಳ್ಯ, ಊರಿಗೆಲ್ಲ ಊಟ. ಖರ್ಚನ್ನು ಮಕ್ಕಳೆಲ್ಲ ಹಂಚಿಕೊಳ್ಳುವುದು ಅಂತ ಮಾತಾಗಿತ್ತು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಅನ್ನುವುದು ಅಜ್ಜಿ ಹೋದ ಮೇಲೂ ತೀರಿಲ್ಲ.

ಚಿಕ್ಕಪ್ಪ: 'ನೆನಪಿಲ್ಲದೆ ಏನು? ಗೋಣಿಗಟ್ಟಲೆ ಅಕ್ಕಿ ನಮ್ಮ ಗದ್ದೆಯದ್ದು.'

ದೊಡ್ಡಪ್ಪ: 'ಅಕ್ಕಿ ಲೆಕ್ಕ ಹೇಳುವವನು ಪೆಂಡಾಲಿನ ದುಡ್ಡು ಯಾರದ್ದು ಅಂತಲೂ ಹೇಳಲಿ'

ಬಾವ: 'ನನ್ನ ಪಾಲು ನಾನು ಚೆಕ್‌ನಲ್ಲಿ ಕೊಟ್ಟಿದ್ದೇನೆ.'

ಅತ್ತೆ: 'ಯಾವ ಬ್ಯಾಂಕಿನ ಚೆಕ್ ಬಾವ? ಮೂಲ ಹಾಕಿ.'

ಪಿಎಚ್‌ಡಿ ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ರಾತ್ರಿ ಒಂಬತ್ತರ ಹೊತ್ತಿಗೆ ಪುಟ್ಟಿಯೇ ಬಂದಳು. ಆವತ್ತು ಯಾವುದೋ ಊರಿನಲ್ಲಿ ಪ್ರದರ್ಶನ ಇತ್ತಂತೆ, ಫೋನ್ ಬ್ಯಾಗಿನಲ್ಲಿತ್ತಂತೆ.

'ದೊಡ್ಡಮಾವ, ಸಣ್ಣಮಾವ, ಎಲ್ಲರಿಗೂ ನಮಸ್ಕಾರ. ಈಗಷ್ಟೇ ಬಣ್ಣ ತೆಗೆದು ಕೂತು ಎಲ್ಲ ಓದಿದೆ. ನನಗೆ ನೆಟ್ ಆಗಿದೆ, ಜೆಆರ್‌ಎಫ್ ಆಗಿಲ್ಲ. ಹಾಗಾಗಿ ನಿಮ್ಮ ತೆರಿಗೆಯಿಂದ ತಿಂಗಳಿಗೆ ನನಗೆ ಬರುವುದು ಸೊನ್ನೆ. ಏನು ಓದುತ್ತಿದ್ದೇನೆ ಅಂತ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೇಳ ದೀಪಾವಳಿ ಕಳೆದು ಹೊರಟರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ದಿನಕ್ಕೆ ಗೆಜ್ಜೆ ಬಿಚ್ಚುತ್ತದೆ. ಆಮೇಲೆ ಮಳೆಗಾಲ ಇಡೀ ಕಲಾವಿದರ ಮನೆಯಲ್ಲಿ ಒಲೆ ಹೇಗೆ ಉರಿಯಿತು? ಆ ಮನೆಯ ಹೆಂಗಸರು ಬೀಡಿ ಕಟ್ಟಿದರಾ, ಗದ್ದೆಯಲ್ಲಿ ನೇಜಿ ನೆಟ್ಟರಾ, ಯಾವ ಅಂಗಡಿಯಲ್ಲಿ ಸಾಲ ಬರೆಸಿದರು? ರಂಗಸ್ಥಳದಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಆ ಸೀರೆ ಒಗೆದವರು ಯಾರು? ಲೀಲಾವತಿ ಬೈಪಾಡಿತ್ತಾಯರ ಹಾಗೆ ಭಾಗವತರಾಗಿ ಮೇಳದ ಜೊತೆ ಹೋದ ಹೆಂಗಸರು ಎಷ್ಟು ಜನ? ಬೈಪಾಡಿತ್ತಾಯರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 2023ರಲ್ಲಿ, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬೀದಿನಾಟಕಕ್ಕೆ ಬರುವ ಹೆಂಗಸರಲ್ಲಿ ಇಬ್ಬರ ಗಂಡಂದಿರು ಹಳೆಯ ವೇಷಧಾರಿಗಳು. ಅವರ ಬಾಯಿಂದ ಕೇಳಿಯೇ ಈ ವಿಷಯ ಹಿಡಿದದ್ದು.'

ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ. ಆಮೇಲೆ ದೊಡ್ಡಪ್ಪ, 'ಬೈಪಾಡಿತ್ತಾಯರ ಹಾಡಿಕೆ ನಾನು ಕೇಳಿದ್ದೇನೆ ಗಟ್ಟಿ ಕಂಠ' ಅಂತಷ್ಟೇ ಬರೆದರು. ಬಾವ ಪತ್ತನಾಜೆ ಯಾವ ತಾರೀಕು ಅಂತ ಕೇಳಿದರು. ದುಬೈ ಅಣ್ಣ ಇನ್ನೊಂದು ವಾಯ್ಸ್ ಮೆಸೇಜ್ ಹಾಕಿದರು, ಅದನ್ನು ನಾನು ಕೇಳಲಿಲ್ಲ.

ಪುಟ್ಟಿ ಮತ್ತೆ: 'ಇನ್ನೊಂದು ವಿಷಯ. ಹರಕೆ ಆಟದ ಖರ್ಚಿನ ಪುಸ್ತಕ ಯಾರ ಹತ್ತಿರವಾದರೂ ಇದೆಯಾ? ಒಂದು ಮನೆ ಆಟ ಆಡಿಸಿದರೆ ಯಾರ ಯಾರ ಕೈಗೆ ಎಷ್ಟು ಹೋಗುತ್ತಿತ್ತು ಅಂತ ನನಗೆ ಬೇಕು.'

ಅತ್ತೆ ಕೂಡಲೇ, 'ಬೇಡ ಪುಟ್ಟಿ' ಅಂದರು. ತಡವಾಗಿತ್ತು. ಚಿಕ್ಕಪ್ಪ ಈ ಒಂದು ಪ್ರಶ್ನೆಗೆ ಇಷ್ಟು ವರ್ಷ ಕಾದವರ ಹಾಗೆ ಐದೇ ನಿಮಿಷದಲ್ಲಿ ಫೋಟೋ ಹಾಕಿದರು. ಅಜ್ಜಿಯ ಟ್ರಂಕಿನಲ್ಲಿದ್ದ ಉದ್ದ ಪುಸ್ತಕ, ಅಂಚಿಗೆ ಗೆದ್ದಲು ಹತ್ತಿದೆ. ಮೇಳದವರಿಗೆ, ಗ್ಯಾಸ್‌ಲೈಟ್‌ನವನಿಗೆ, ಬಾಳೆಎಲೆಗೆ, ಅಡುಗೆಯವರಿಗೆ ಅಂತ ಸಾಲು ಸಾಲು. ಪಾತ್ರೆ ತೊಳೆದ ಮೂರು ಹೆಂಗಸರಿಗೆ ಸೇರಿಸಿ ಒಂದೇ ಮೊತ್ತ, ಹೆಸರಿಲ್ಲ. ಪುಟದ ಕೊನೆಯಲ್ಲಿ 'ಬಂದ ಪಾಲು' ಅಂತ ಇನ್ನೊಂದು ಪಟ್ಟಿ. ಬಾವನ ಹೆಸರಿನ ಮುಂದೆ ಬರೀ ಗೆರೆ.

ಬಾವ: 'ಇದು ಯಾರ ಕೈಬರಹ? ಒಂದು ಪುಟ ನೋಡಿ ತೀರ್ಮಾನ ಮಾಡಲಾಗುವುದಿಲ್ಲ.'

ದೊಡ್ಡಪ್ಪ: 'ಅಮ್ಮನ ಕೈಬರಹ'

ಚಿಕ್ಕಪ್ಪ: 'ಈಗ ಹೇಳಿ, ಮೂಲ ಸಾಕಾ?'

ಪುಟ್ಟಿ: 'ಸಣ್ಣಮಾವ, ನಿಮ್ಮ ಹೆಬ್ಬೆರಳು ಪಾತ್ರೆ ತೊಳೆದವರ ಕೆಳಗಿನ ಸಾಲಿನ ಮೇಲಿದೆ. ಕೈ ಸ್ವಲ್ಪ ಸರಿಸಿ ಇನ್ನೊಂದು ಫೋಟೋ ಕಳಿಸ್ತೀರಾ?'