ಅಪ್‌ಡೇಟ್: ಅಪ್ಪ ಹೋದ್ಮೇಲೆ ಪೂಜೆಗೆ ಹೋಗೋಕೇ ಮನಸ್ಸಿಲ್ಲ ಅಂದಿದ್ನಲ್ಲ

ಎಲ್ರಿಗೂ ನಮಸ್ಕಾರ. ಮೂರು ವಾರದ ಹಿಂದೆ ಕೇಳಿದ್ದೆ, ಅಪ್ಪ ತೀರ್ಕೊಂಡ್ಮೇಲೆ ಚರ್ಚಲ್ಲಿ ಕೂತ್ರೂ ಖಾಲಿ ಖಾಲಿ ಅನ್ಸುತ್ತೆ, ಪ್ರಾರ್ಥನೆನೇ ಬರಲ್ಲ, ಏನ್ ಮಾಡ್ಲಿ ಅಂತ.

ನೀವು ಹೇಳಿದ್ದನ್ನೆಲ್ಲ ಟ್ರೈ ಮಾಡ್ದೆ. ಆನ್‌ಲೈನ್ ಪೂಜೆ ನೋಡಿದ್ದು ನಂಗೆ ಆಗ್ಲಿಲ್ಲ, ಅರ್ಧಕ್ಕೇ ಫೋನ್ ಇಟ್ಬಿಡ್ತಿದ್ದೆ. ಚರ್ಚಿನ ಹಾಡೋ ಗುಂಪಿಗೆ (ಕಾಯರ್) ಸೇರಿದೆ, ಮೊದಲ್ನೇ ಭಾನುವಾರನೇ ಅಪ್ಪನಿಗಿಷ್ಟದ ಹಾಡು ಬಂದು ಅಳು ತಡೆಯೋಕಾಗ್ದೆ ಹೊರಗ್ ಬಂದೆ.

ಕೈ ಹಿಡಿದಿದ್ದು ಇಲ್ಲಿ ಒಬ್ರು ಅಕ್ಕ ಹೇಳಿದ್ದು, ನಿಮ್ಮ ಧರ್ಮಕೇಂದ್ರದ (ನಿಮ್ಮ ಏರಿಯಾ ಚರ್ಚಿನ) ವಿನ್ಸೆಂಟ್ ದಿ ಪಾಲ್ ಸಭೆಯವರ, ಅಂದ್ರೆ ಬಡವರಿಗೆ ಸಹಾಯ ಮಾಡೋ ಗುಂಪಿನವರ ಜೊತೆ ಮನೆ ಭೇಟಿಗೆ ಹೋಗಿ ಅಂತ. ಅಲ್ಲಿ ಇಬ್ಬಿಬ್ರಾಗಿ ಹೋಗ್ತಾರೆ, ನನ್ನ ಜೊತೆ ಹಿರಿಯರೊಬ್ರು ಬಂದ್ರು, ಅಕ್ಕಿ ಬೇಳೆ ಮಾತ್ರೆ ತಗೊಂಡು ಒಬ್ಬಂಟಿ ಅಜ್ಜಿ ಮನೆಗೆ ಹೋದ್ವಿ, ನಾನೇನೋ ಸಮಾಧಾನ ಹೇಳ್ಬೇಕು ಅಂದ್ಕೊಂಡಿದ್ರೆ ಅಜ್ಜಿನೇ ಅಪ್ಪನ ಹೆಸ್ರು ಕೇಳಿ, ಜಪಸರ ತೆಗ್ದು, ಅವ್ರ ಆತ್ಮಕ್ಕೆ ಜಪಸರದ ಪ್ರಾರ್ಥನೆಯ ಐದು ಭಾಗ (ರಹಸ್ಯ) ಪೂರ್ತಿ ಹೇಳಿದ್ರು. ತಿಂಗಳುಗಳಾದ್ಮೇಲೆ ಅವತ್ತೇ ನನ್ ಬಾಯಲ್ಲಿ ‘ನಮೋ ಮರಿಯ’ ಪ್ರಾರ್ಥನೆ ಬಂದಿದ್ದು.

ನಂಗೆ ಗೊತ್ತೇ ಇರ್ಲಿಲ್ಲ, ಈ ಸಭೆ 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದಾಗ ಅದನ್ನ ಶುರು ಮಾಡಿದವ್ರಲ್ಲಿ ಒಬ್ರಾದ ಫ್ರೆಡ್ರಿಕ್ ಓಜನಾಮ್‌ಗೆ ಬರೀ 20 ವರ್ಷ, ಕಾಲೇಜ್ ಹುಡುಗ! ಸಭೆಯವರ ಮೀಟಿಂಗ್‌ನಲ್ಲಿ ದುಡ್ಡು ಹಾಕೋಕೆ ಒಂದು ಚೀಲ ಸುತ್ತು ಬರುತ್ತೆ, ಯಾರು ಎಷ್ಟು ಹಾಕಿದ್ರು ಅಂತ ಯಾರಿಗೂ ಗೊತ್ತಾಗಲ್ಲ, ಅದು ನಂಗೆ ತುಂಬಾ ಹಿಡಿಸ್ತು.

ದುಃಖ ಹೋಗಿಲ್ಲ, ಆದ್ರೆ ಭಾನುವಾರ ಪೂಜೆಗೆ ಹೋಗ್ತಿದೀನಿ. ಫಾದರ್ ಹತ್ರ ನೇರವಾಗಿ ಮಾತಾಡಿ ಅಂದವ್ರಿಗೂ ಥ್ಯಾಂಕ್ಸ್, ಅಪ್ಪನ ಹೆಸರಲ್ಲಿ ಮುಂದಿನ ಶುಕ್ರವಾರ ಪೂಜೆ ಇಟ್ಟಿದೀವಿ, ಅಜ್ಜಿನ ಆಟೋದಲ್ಲಿ ಕರ್ಕೊಂಡ್ ಬರ್ತೀನಿ.