ನಡುಮನೆಗೆ ಕೆಮ್ಮಣ್ಣಿನ ಗಾಢ ಬಣ್ಣ: ಬಳಿಸಿದವರ ಅನುಭವವೇನು?

ಪ್ರಶ್ನೆ, ವಿಜಯನಗರ:
ನಮ್ಮ ನಡುಮನೆ 12 ಅಡಿ ಅಗಲ, 14 ಅಡಿ ಉದ್ದವಿದ್ದು, ಮನೆಯ ಉಳಿದ ಕಡೆಗಳಲ್ಲಿ ಅಕ್ಕಪಕ್ಕದ ಕಟ್ಟಡಗಳು ಒತ್ತಿಕೊಂಡಿರುವುದರಿಂದ ಉತ್ತರದ ಒಂದೇ ಕಿಟಕಿಯಿಂದ ಬೆಳಕು ಬರುತ್ತದೆ. ನಾಲ್ಕೂ ಗೋಡೆಗಳಿಗೆ ಕೆಮ್ಮಣ್ಣಿನ ಗಾಢ ಬಣ್ಣ ಬಳಿಸಬೇಕೆಂಬುದು ನನ್ನ ಆಸೆ. ಕೋಣೆ ಗವಿಯಂತಾದೀತೆಂಬುದು ಅತ್ತೆಯವರ ಆತಂಕ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ, ಮಲ್ಲೇಶ್ವರ:
ತಮ್ಮ ಅತ್ತೆಯವರ ಆತಂಕ ನಿರಾಧಾರವಲ್ಲ, ಆದರೆ ಅದಕ್ಕೆ ಬಣ್ಣಕ್ಕಿಂತ ದೀಪವೇ ಹೆಚ್ಚು ಹೊಣೆ. 6500 ಕೆಲ್ವಿನ್ನಿನ (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ) ಬಿಳಿ ಟ್ಯೂಬ್‌ಲೈಟಿನಲ್ಲಿ ಬಾಡಿದಂತೆ ಕಂಡ ನಮ್ಮ ಗೋಡೆ, 2700 ಕೆಲ್ವಿನ್ನಿನ ಹಳದಿ ಬಲ್ಬು ಹಾಕಿದ ಸಂಜೆಯೇ ಕಳೆಗಟ್ಟಿತು. ಉತ್ತರದ ಕಿಟಕಿಯ ಬೆಳಕು ತುಸು ನೀಲಿಯಾಗಿರುವುದರಿಂದ, ನೇರಳೆಯತ್ತ ವಾಲುವ ಕೆಂಪನ್ನು ಬಿಟ್ಟು ಹಳದಿಯ ಅಂಶವಿರುವ ಕೆಂಪನ್ನು ಆರಿಸಿಕೊಳ್ಳಿ. ಅಂಗಡಿಯ ಶೇಡ್ ಕಾರ್ಡಿನ ಬೆರಳಗಲದ ಚೂರನ್ನು ನೋಡಿ ತೀರ್ಮಾನಿಸಬೇಡಿ. ದೊಡ್ಡ ರಟ್ಟಿಗೆ ಎರಡು ಕೋಟ್ ಬಳಿದು, ಪೂರ್ತಿ ಒಣಗಿದ ಮೇಲೆ ಅದನ್ನು ಗೋಡೆಯಿಂದ ಗೋಡೆಗೆ ಸರಿಸುತ್ತಾ ಬೆಳಗ್ಗೆಯೂ ರಾತ್ರಿಯೂ ನೋಡಿ. ನಮ್ಮ ಮನೆಯಂತೆ ತಮ್ಮಲ್ಲಿಯೂ ರೆಡ್ ಆಕ್ಸೈಡ್ ನೆಲವಿದ್ದರೆ, ಗೋಡೆಯ ಬಣ್ಣ ಅದಕ್ಕಿಂತ ಸ್ಪಷ್ಟವಾಗಿ ಬೇರೆಯಾಗಿರಲಿ.

ಉತ್ತರ, ಯಶವಂತಪುರ (ಬಣ್ಣದ ಗುತ್ತಿಗೆ ಕೆಲಸದವರು):
ಬಣ್ಣ ಯಾವುದೆಂಬುದಕ್ಕಿಂತ ಮೊದಲು ಗೋಡೆ ಒಣಗಿದೆಯೇ ಎಂಬುದನ್ನು ಪರೀಕ್ಷಿಸಿ. ತೇವದೊಡನೆ ಹೊರಬರುವ ಉಪ್ಪಿನ ಬಿಳಿ ಪುಡಿ ತಿಳಿ ಬಣ್ಣದ ಗೋಡೆಯಲ್ಲಿ ಮರೆಯಾಗಬಹುದು, ಕೆಮ್ಮಣ್ಣಿನ ಬಣ್ಣದಲ್ಲಿ ಮಾತ್ರ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ಬಿಳಿ ಪ್ರೈಮರಿನ (ಬಣ್ಣಕ್ಕೆ ಮೊದಲು ಬಳಿಯುವ ತಳದ ಲೇಪದ) ಮೇಲೆ ಗಾಢ ಬಣ್ಣ ಮುಚ್ಚಿಕೊಳ್ಳಲು ಹೆಚ್ಚು ಕೋಟ್ ಬೇಡುವುದರಿಂದ, ಪ್ರೈಮರಿಗೇ ಬಣ್ಣದ ಛಾಯೆ ಕೊಡಿಸುವುದು ಲಾಭಕರ. ಹೊಳಪಿನ ಬಣ್ಣ, ಗೋಡೆಯನ್ನು ನುಣುಪಾಗಿಸಲು ಹಚ್ಚಿದ ಪುಟ್ಟಿಯ ಏರುತಗ್ಗನ್ನೆಲ್ಲ ತೋರಿಸುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣ ಅದನ್ನು ಮುಚ್ಚುತ್ತದಾದರೂ ಕೈಯುಜ್ಜಿದ ಕಲೆ, ಕುರ್ಚಿ ತಾಗಿದ ಗೀರು ಅದರ ಮೇಲೆ ಬೇಗ ಕಾಣುತ್ತವೆ. ಒಂದಕ್ಕಿಂತ ಹೆಚ್ಚು ಡಬ್ಬಿ ಬೇಕಾದರೆ ಎಲ್ಲವನ್ನೂ ಮೊದಲೇ ದೊಡ್ಡ ಬಕೆಟ್ಟಿನಲ್ಲಿ ಒಂದಾಗಿ ಕಲಸಿಕೊಳ್ಳಬೇಕು. ಯಂತ್ರದಲ್ಲಿ ಬೆರೆಸಿದ ಬಣ್ಣವಾದರೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯಷ್ಟು ವ್ಯತ್ಯಾಸವಿರಬಹುದು, ಅದು ಗೋಡೆಯ ನಡುವೆ ಗೆರೆಯಾಗಿ ನಿಂತರೆ ಮತ್ತೆ ಇಡೀ ಗೋಡೆಯನ್ನೇ ಬಳಿಯಬೇಕಾಗುತ್ತದೆ.

ಉತ್ತರ, ಬಸವನಗುಡಿ:
ನಾಲ್ಕೂ ಗೋಡೆಗಳಿಗೆ ಬೇಡವೆಂಬುದು ನನ್ನ ಅಭಿಪ್ರಾಯ. ಕಿಟಕಿಯಿರುವ ಗೋಡೆಯೇ ಗಾಢವಾದರೆ ಹಗಲಿನಲ್ಲಿ ಕಿಟಕಿ ಕಣ್ಣು ಕುಕ್ಕುತ್ತದೆ. ಆದ್ದರಿಂದ ಅದನ್ನೂ ಚಾವಣಿಯನ್ನೂ ತಿಳಿಯಾಗಿ ಬಿಟ್ಟು, ಬೆಳಕು ನೇರವಾಗಿ ಬೀಳುವ ಎದುರಿನ ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿಸಿ. ಹಿತ್ತಾಳೆಯ ದೀಪ, ಬೆತ್ತದ ಕುರ್ಚಿ, ಬಿಳುಪು ಮಾಡದ ಖಾದಿಯ ಪರದೆ ಅದರ ಮುಂದೆ ಚೆನ್ನಾಗಿ ಎದ್ದು ಕಾಣುತ್ತವೆ. ತೇಗದ ಕಪಾಟು ಮಾತ್ರ ಆ ಬಣ್ಣದಲ್ಲಿ ಕರಗಿಹೋಗುತ್ತದೆ.

ವಿಜಯನಗರದವರ ಮರುಮಾತು:
ಎಲ್ಲರಿಗೂ ಧನ್ಯವಾದಗಳು. ಕಿಟಕಿಯ ಎದುರಿನ ಗೋಡೆಯ ಹಿಂಬದಿಯಲ್ಲೇ ನಮ್ಮ ಬಚ್ಚಲುಮನೆಯಿದ್ದು, ಗೋಡೆಯ ಬುಡದಲ್ಲಿ ಸುಣ್ಣ ಉದುರುತ್ತಿರುವುದನ್ನು ಈಗ ಗಮನಿಸಿದೆ. ಮೊದಲು ಆ ಸೋರಿಕೆಯನ್ನು ಸರಿಪಡಿಸಿ, ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ ಬಣ್ಣದ ಕೆಲಸ ಹಿಡಿಯುತ್ತೇವೆ. ಅಲ್ಲಿಯವರೆಗೆ ರಟ್ಟಿನ ಪರೀಕ್ಷೆ ನಡೆಯಲಿ. ಅತ್ತೆಯವರೂ ಅದಕ್ಕೆ ಒಪ್ಪಿದ್ದಾರೆ.